ಪಾಯಿಂಟ್ ಗಾರ್ಡ್ ಇಲ್ಲದೆ ಆಡಿದ ಒಂದು ಸೀಸನ್: ನನ್ನ ಅನುಭವ

ನಮ್ಮ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಪಾಯಿಂಟ್ ಗಾರ್ಡ್ (ಚೆಂಡು ತಂದು ಆಟ ಕಟ್ಟುವವಳು) ಮೊಣಕಾಲಿನ ಎಸಿಎಲ್ ಅಸ್ಥಿಬಂಧ ಹರಿದುಕೊಂಡು ಇಡೀ ಸೀಸನ್‌ಗೆ ಹೊರಗುಳಿದ ಮೇಲೆ, ಅವಳ ಜಾಗಕ್ಕೆ ಇನ್ನೊಬ್ಬಳನ್ನು ಹುಡುಕುವುದನ್ನು ಬಿಟ್ಟು, ಅವಳು ಮಾಡುತ್ತಿದ್ದ ಕೆಲಸವನ್ನೇ ಬಿಡಿಸಿ ಹಂಚಿ, ಆಟ ಕಟ್ಟುವ ಹೊಣೆಯನ್ನು ರಿಂಗ್ ಹತ್ತಿರ ಆಡುವ ಎತ್ತರದ ಆಟಗಾರ್ತಿಯಾದ ಸೆಂಟರ್ ಕೈಗೆ ಕೊಡುತ್ತೇನೆ ಎಂದು ನಾನು ಹೇಳಿದಾಗ ಪರಿಚಯದ ಹಿರಿಯ ತರಬೇತುದಾರರಲ್ಲಿ ಒಬ್ಬರೂ ಒಪ್ಪಲಿಲ್ಲ. "ಮೇಡಂ, ಎತ್ತರದ ಹುಡುಗಿಯನ್ನು ಮೇಲಕ್ಕೆ ಎಳೆದು ತಂದರೆ ರಿಬೌಂಡ್ ಯಾರು ಹಿಡಿಯುತ್ತಾರೆ?" ಎಂಬುದೇ ಎಲ್ಲರ ಪ್ರಶ್ನೆಯಾಗಿತ್ತು, ಅಂದರೆ ಅವಳು ರಿಂಗ್‌ನಿಂದ ದೂರ ಹೋದರೆ ಗುರಿ ತಪ್ಪಿ ಪುಟಿದ ಚೆಂಡು ಯಾರಿಗೆ ಎಂದು. ನ್ಯಾಯವಾದ ಪ್ರಶ್ನೆಯೇ. ಆದರೆ ಲೀಗ್‌ನಲ್ಲಿ ನಾವು ಮೊದಲ ನಾಲ್ಕರೊಳಗೆ ಉಳಿದೆವು, ವರ್ಷದ ಕೊನೆಯ ಆಹ್ವಾನಿತ ಟೂರ್ನಿಯಲ್ಲಿ ಫೈನಲ್ ತಲುಪಿದೆವು, ನಮ್ಮನ್ನು ಮೊದಲ ಸುತ್ತಿನಲ್ಲೇ ಮನೆಗೆ ಕಳುಹಿಸುವ ಲೆಕ್ಕದಲ್ಲಿ ಬಂದಿದ್ದ ಎರಡು ದೊಡ್ಡ ತಂಡಗಳನ್ನು ಸೋಲಿಸಿದೆವು. ಈ ದಾರಿ ಫಲ ಕೊಟ್ಟಿದೆ ಎಂದು ಈಗ ಧೈರ್ಯವಾಗಿ ಬರೆಯಬಹುದು.

ನಮ್ಮದು ಒಂದು ಸಂಸ್ಥೆಯ ತಂಡ. ಆಟಗಾರ್ತಿಯರಿಗೆ ತಿಂಗಳ ಸ್ಟೈಪೆಂಡ್ ಇದೆ, ಊಟ ವಸತಿ ಇದೆ. ರೈಲ್ವೆಯಲ್ಲಿಯೋ ಕೇರಳದ ವಿದ್ಯುತ್ ಮಂಡಳಿಯಲ್ಲಿಯೋ ಇರುವಂತೆ ಕಾಯಂ ನೌಕರಿಯ ಭದ್ರತೆ ಇಲ್ಲ. ಹೀಗಾಗಿ ಒಬ್ಬಳು ಗಾಯಗೊಂಡರೆ ಆಟದ ಯೋಜನೆಯ ಜೊತೆಗೆ ತಂಡದ ಹಣದ ಲೆಕ್ಕವೂ ಬುಡಮೇಲಾಗುತ್ತದೆ. ಎಂಆರ್‌ಐಗೆ ಏಳೆಂಟು ಸಾವಿರ, ಶಸ್ತ್ರಚಿಕಿತ್ಸೆಗೆ ಎಲ್ಲ ಸೇರಿ ಎರಡೂವರೆ ಲಕ್ಷದ ಹತ್ತಿರ, ಆಮೇಲೆ ವಾರಕ್ಕೆ ಮೂರು ಬಾರಿ ಫಿಸಿಯೋಥೆರಪಿಗೆ ಪ್ರತಿ ಸಲ ಆರುನೂರು ರೂಪಾಯಿಯಂತೆ ಖರ್ಚಾಯಿತು. ವಿಮೆಯಿಂದ ಬಂದದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಉಳಿದದ್ದನ್ನು ತುಂಬಿದ್ದು ಸೀಸನ್ ಆರಂಭದಲ್ಲಿ ಹೊಸ ಶೂಗಳಿಗೆಂದು ತೆಗೆದಿರಿಸಿದ್ದ ಹಣ ಮತ್ತು ಆಟಗಾರ್ತಿಯರು ತಾವಾಗಿಯೇ ಬಿಟ್ಟುಕೊಟ್ಟ ಒಂದು ಟೂರ್ನಿಯ ಬಹುಮಾನದ ಪಾಲು. ಆ ಹುಡುಗಿಯ ಸ್ಟೈಪೆಂಡನ್ನು ನಿಲ್ಲಿಸಬೇಕೆಂಬ ಮಾತೂ ಮೇಲಿನಿಂದ ಬಂತು. ಅದಕ್ಕೆ ನಾನು ಬಗ್ಗಲಿಲ್ಲ. ಕೆಲಸದ ಸ್ಥಳದಲ್ಲಿ ಕಾಲು ಮುರಿದುಕೊಂಡವಳಿಗೆ ಸಂಬಳ ನಿಲ್ಲಿಸುವ ತಂಡಕ್ಕಾಗಿ ಉಳಿದ ಹನ್ನೊಂದು ಮಂದಿ ಮೈಮುರಿದು ಆಡುವುದಿಲ್ಲ ಎಂಬುದನ್ನು ಲಿಖಿತವಾಗಿಯೇ ತಿಳಿಸಿದೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು, ಅಂದರೆ ಬದಲಿ ಗಾರ್ಡ್ ಹುಡುಕಿದೆವು. ಒಂದು ಟೂರ್ನಿಗೆಂದು ಹೊರರಾಜ್ಯದಿಂದ ಅತಿಥಿ ಆಟಗಾರ್ತಿಯನ್ನು ಕರೆಸಲು ನಲವತ್ತು ಸಾವಿರ ರೂಪಾಯಿ, ರೈಲಿನ ತ್ರೀ ಟೈರ್ ಎಸಿ ಟಿಕೆಟ್ ಮತ್ತು ಪ್ರತ್ಯೇಕ ಕೋಣೆ ಬೇಕಾದವು. ಅವಳು ನಿಜಕ್ಕೂ ಒಳ್ಳೆಯ ಆಟಗಾರ್ತಿ. ಆದರೆ ನಮ್ಮ ಹುಡುಗಿಯರು ಯಾವ ಜಾಗದಲ್ಲಿ, ಯಾವ ಎತ್ತರದಲ್ಲಿ ಚೆಂಡು ಬಯಸುತ್ತಾರೆ ಎಂಬುದು ನಾಲ್ಕು ದಿನದ ಅಭ್ಯಾಸದಲ್ಲಿ ಯಾರಿಗೂ ತಿಳಿಯುವಂಥದ್ದಲ್ಲ. ಅವಳು ಚೆಂಡು ಹಿಡಿದರೆ ಉಳಿದ ನಾಲ್ವರು ನಿಂತು ನೋಡುತ್ತಿದ್ದರು. ಆಮೇಲೆ ದೂರದಿಂದ ಶಾಟ್ ಹೊಡೆಯುವ ನಮ್ಮ ಶೂಟಿಂಗ್ ಗಾರ್ಡನ್ನೇ ಒಂದನೇ ಸ್ಥಾನಕ್ಕೆ, ಅಂದರೆ ಪಾಯಿಂಟ್ ಗಾರ್ಡ್ ಜಾಗಕ್ಕೆ ತಂದೆವು. ಎದುರಾಳಿಗಳು ಅವಳನ್ನು ಬ್ಯಾಕ್‌ಕೋರ್ಟ್‌ನಲ್ಲೇ (ನಮ್ಮ ಅರ್ಧ ಅಂಕಣದಲ್ಲೇ) ಹಿಡಿದು ದಣಿಸಿದರು. ಮೂರನೇ ಕ್ವಾರ್ಟರ್ ಹೊತ್ತಿಗೆ ಅವಳ ಜಂಪ್ ಶಾಟ್ ರಿಮ್‌ನ ಮುಂಭಾಗಕ್ಕೆ ಬಡಿಯತೊಡಗಿತು. ಅಲ್ಲಿಗೆ ನಮಗೆ ಗಾರ್ಡ್ ಸಿಗಲಿಲ್ಲ, ಇದ್ದ ಶೂಟರ್ ಕೂಡ ಹೋದಳು. ಜೂನಿಯರ್ ತಂಡದಿಂದ ಒಬ್ಬಳನ್ನು ಮೇಲೆ ತಂದಾಗ ಅವಳ ಡ್ರಿಬಲ್ ಚೆನ್ನಾಗಿಯೇ ಇತ್ತು. ಆದರೆ ಇಬ್ಬರು ಸೇರಿ ಮುತ್ತುವ ಟ್ರ್ಯಾಪ್ ಬಂದ ಕೂಡಲೇ ಹೆದರಿ ಚೆಂಡನ್ನು ತಲೆಯ ಮೇಲಿಂದ ಎಸೆಯುತ್ತಿದ್ದಳು. ಹಳೆಯ ಪಾಯಿಂಟ್ ಗಾರ್ಡ್ ಇದ್ದಾಗ ಪಂದ್ಯಕ್ಕೆ ಹದಿನಾಲ್ಕರ ಆಸುಪಾಸಿನಲ್ಲಿದ್ದ ನಮ್ಮ ಟರ್ನ್‌ಓವರ್‌ಗಳು (ಎದುರಾಳಿಗೆ ಚೆಂಡು ಕಳೆದುಕೊಂಡ ಸಲಗಳು) ಆ ವಾರಗಳಲ್ಲಿ ಇಪ್ಪತ್ತೈದನ್ನು ದಾಟಿದವು.

ಇದೇ ಹೊತ್ತಿನಲ್ಲಿ ನನಗೆ ಬಲ ಕೊಟ್ಟದ್ದು ಅಮೆರಿಕದ ಮಹಿಳಾ ವೃತ್ತಿಪರ ಲೀಗ್ ಆದ ಡಬ್ಲ್ಯುಎನ್‌ಬಿಎಯ ಇಂಡಿಯಾನಾ ಫೀವರ್ ತಂಡದ 2025ರ ಸೀಸನ್. ಪಾಯಿಂಟ್ ಗಾರ್ಡ್ ಕೈಟ್ಲಿನ್ ಕ್ಲಾರ್ಕ್ ಅವರ ಸುತ್ತಲೇ ಕಟ್ಟಿದ ತಂಡ ಅದು. ಅವರು ತೊಡೆ, ತೊಡೆಸಂದಿಯ ಗಾಯಗಳಿಂದಾಗಿ 44 ಲೀಗ್ ಪಂದ್ಯಗಳಲ್ಲಿ ಆಡಿದ್ದು 13 ಮಾತ್ರ. ಅವರಿಲ್ಲದೆಯೇ ಫೀವರ್ ಜುಲೈ 1ರಂದು ಮಿನ್ನೆಸೋಟಾ ಲಿಂಕ್ಸ್ ತಂಡವನ್ನು ಅದರ ಅಂಗಳದಲ್ಲೇ 74–59ರಿಂದ ಸೋಲಿಸಿ ಸೀಸನ್ ನಡುವಿನ ಟೂರ್ನಿಯಾದ ಕಮಿಷನರ್ಸ್ ಕಪ್ ಗೆದ್ದಿತು. ಆಮೇಲೆ ಬದಲಿ ಗಾರ್ಡ್‌ಗಳಾದ ಆರಿ ಮೆಕ್‌ಡೊನಾಲ್ಡ್ ಮತ್ತು ಸಿಡ್ನಿ ಕೋಲ್ಸನ್ ಇಬ್ಬರೂ ಆಗಸ್ಟ್‌ನಲ್ಲಿ ಒಂದೇ ಪಂದ್ಯದಲ್ಲಿ ಗಾಯಗೊಂಡು ಸೀಸನ್ನಿಂದಲೇ ಹೊರಬಿದ್ದರು. ಇಷ್ಟಾದರೂ ತರಬೇತುದಾರ್ತಿ ಸ್ಟೆಫನಿ ವೈಟ್ ಅವರ ತಂಡ ಪ್ಲೇಆಫ್‌ಗೆ ಹೋಗಿ, ಮೊದಲ ಸುತ್ತಿನಲ್ಲಿ ಅಟ್ಲಾಂಟಾವನ್ನು ಸೋಲಿಸಿ, ಸೆಮಿಫೈನಲ್‌ನಲ್ಲಿ ಕೊನೆಗೆ ಚಾಂಪಿಯನ್ ಆದ ಲಾಸ್ ವೇಗಸ್ ಏಸಸ್ ತಂಡವನ್ನು ಐದನೇ ಪಂದ್ಯದ ಓವರ್‌ಟೈಮ್‌ವರೆಗೆ ಎಳೆದುಕೊಂಡು ಹೋಯಿತು. ಸೀಸನ್ ಮಧ್ಯದಲ್ಲಿ ಸೇರಿಸಿಕೊಂಡ ಒಡಿಸ್ಸಿ ಸಿಮ್ಸ್ ಚೆಂಡು ತರುವ ಭಾರ ಹೊತ್ತರು, ಕೆಲ್ಸಿ ಮಿಚೆಲ್ ಅಂಕಗಳ ಭಾರ ಹೊತ್ತರು. ಆದರೆ ನನ್ನ ಕಣ್ಣು ನೆಟ್ಟದ್ದು ಸೆಂಟರ್ ಅಲಿಯಾ ಬೋಸ್ಟನ್ ಅವರ ಮೇಲೆ. ಎಲ್ಬೋದಲ್ಲಿ (ಫ್ರೀ ಥ್ರೋ ಗೆರೆಯ ತುದಿಯಲ್ಲಿ) ಚೆಂಡು ಹಿಡಿದು, ಕಟ್ ಮಾಡುವವರಿಗಾಗಿ, ಅಂದರೆ ರಿಂಗ್‌ನತ್ತ ನುಗ್ಗುವವರಿಗಾಗಿ ಕಾದು, ಒಂದು ಕಡೆ ನೋಡಿ ಇನ್ನೊಂದು ಕಡೆ ಕೊಡುವ ಅವರ ತಾಳ್ಮೆಯ ತುಣುಕುಗಳನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿ ನಮ್ಮ ಸೆಂಟರ್‌ಗೆ ತೋರಿಸಿದೆ. ಅವಳು ಹೇಳಿದ್ದು ಒಂದೇ ಮಾತು: "ಇದು ನನ್ನಿಂದ ಆಗುತ್ತೆ ಮೇಡಂ, ಆದರೆ ಯಾರೂ ನನ್ನ ಕೈಗೆ ಅಲ್ಲಿ ಚೆಂಡು ಕೊಟ್ಟಿಲ್ಲ."

ನಿಜವೇ ಆಗಿತ್ತು. ನಮ್ಮಲ್ಲಿ ಎತ್ತರದ ಹುಡುಗಿ ಸಿಕ್ಕರೆ ಹನ್ನೆರಡನೇ ವಯಸ್ಸಿನಿಂದಲೇ ರಿಂಗ್ ಕೆಳಗೆ ನಿಲ್ಲಿಸಿ, ಕೈ ಮೇಲೆತ್ತಿ ಇರು ಎಂದು ಹೇಳುತ್ತೇವೆ. ಈ ಹುಡುಗಿ ಮಂಡ್ಯದ ಕಡೆಯವಳು. ಅಂಗೈ ಅಗಲ, ಓಟ ನಿಧಾನ, ಆದರೆ ಅಂಕಣವನ್ನು ಓದುವ ಶಕ್ತಿ ಗಾರ್ಡ್‌ಗಳಿಗಿಂತ ಹೆಚ್ಚು. ಇಷ್ಟು ವರ್ಷ ಅದು ವ್ಯರ್ಥವಾಗಿ ಹೋಗಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಇದು ಅವಳೊಬ್ಬಳ ಕಥೆಯಲ್ಲ.

ಚೆಂಡನ್ನು ಅರ್ಧ ಅಂಕಣ ದಾಟಿಸುವ ಕೆಲಸವನ್ನು ಶೂಟಿಂಗ್ ಗಾರ್ಡ್ ಮತ್ತು ಸ್ಮಾಲ್ ಫಾರ್ವರ್ಡ್ ಇಬ್ಬರಿಗೂ ಕೊಟ್ಟೆ. ಡಿಫೆಂಡರ್ ಯಾರನ್ನು ಒತ್ತುತ್ತಾಳೋ ಅವಳು ಬಿಟ್ಟು ಇನ್ನೊಬ್ಬಳು ತರಬೇಕು. ಹಾಗೆ ದಾಟಿಸಲು ಇರುವ ಎಂಟು ಸೆಕೆಂಡಿನಲ್ಲಿ ನಾವು ಐದನ್ನಷ್ಟೇ ಬಳಸಬೇಕು, ಎರಡು ಡ್ರಿಬಲ್‌ಗಿಂತ ಹೆಚ್ಚು ಒಬ್ಬಳೇ ಹಾಕಬಾರದು ಎಂಬ ಕಟ್ಟು ಮಾಡಿದೆವು. ದಾಟಿದ ಕೂಡಲೇ ಚೆಂಡು ಸೆಂಟರ್ ಕೈಗೆ ಹೋಗಬೇಕು. ಆಮೇಲೆ ನಡೆಯುವುದನ್ನು ಒಂದೇ ಪೊಸೆಷನ್‌ನಲ್ಲಿ ಹೇಳುತ್ತೇನೆ. ಬಲ ಎಲ್ಬೋದಲ್ಲಿ ಅವಳು ಬೆನ್ನು ರಿಂಗ್‌ಗೆ ಮಾಡಿ ಹಿಡಿಯುತ್ತಾಳೆ, ಎಡಗಾಲು ಪಿವಟ್ ಮಾಡಿ ತಿರುಗುತ್ತಾಳೆ, ಚೆಂಡು ಗಲ್ಲದ ಕೆಳಗೆ, ಮೊಣಕೈಗಳು ಹೊರಗೆ. ಪಾಸ್ ಕೊಟ್ಟ ಗಾರ್ಡ್ ಅವಳ ಭುಜಕ್ಕೆ ಭುಜ ಉಜ್ಜುವಂತೆ ಹಾದುಹೋಗುತ್ತಾಳೆ. ಡಿಫೆಂಡರ್ ಹಿಂದೆ ಬಿದ್ದರೆ ಹ್ಯಾಂಡ್‌ಆಫ್ (ಕೈಯಿಂದ ಕೈಗೇ ಚೆಂಡು), ಮೇಲೆ ಹತ್ತಿ ಬಂದರೆ ಗಾರ್ಡ್ ಅಲ್ಲಿಂದಲೇ ಬಾಗಿಲು ಒಡೆದಂತೆ ಒಳಗೆ ನುಗ್ಗುತ್ತಾಳೆ, ಬೌನ್ಸ್ ಪಾಸ್ ಅವಳ ಎಡಗೈಗೆ ಬರುತ್ತದೆ. ಎರಡೂ ಮುಚ್ಚಿದ್ದರೆ ಎಡ ಕಾರ್ನರ್‌ನಲ್ಲಿ ಶೂಟರ್ ಕಾದಿರುತ್ತಾಳೆ. ಇಷ್ಟರೊಳಗೆ ಶಾಟ್ ಹೊಡೆಯಲು ಇರುವ ಸಮಯ ತೋರಿಸುವ ಶಾಟ್ ಕ್ಲಾಕ್‌ನಲ್ಲಿ ಹದಿನಾಲ್ಕು ಹದಿನೈದು ಸೆಕೆಂಡ್ ಉಳಿದಿರುತ್ತದೆ. ಅಂದರೆ ಇದೇ ಆಟವನ್ನು ಎಡ ಎಲ್ಬೋದಲ್ಲಿ ಇನ್ನೊಮ್ಮೆ ಆಡಲು ಸಮಯವಿದೆ. ಎನ್‌ಬಿಎಯ ಡೆನ್ವರ್ ತಂಡದಲ್ಲಿ ಸೆಂಟರ್ ನಿಕೋಲಾ ಯೋಕಿಚ್ ಆಡುವುದನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದಿರಬಹುದು. ನಮ್ಮ ಮಹಿಳಾ ತಂಡಗಳಲ್ಲಿ ಇದನ್ನು ಪೂರ್ತಿ ಸೀಸನ್ ನೆಚ್ಚಿಕೊಂಡು ಆಡಿದವರನ್ನು ನಾನು ಕಂಡಿಲ್ಲ.

ರಿಬೌಂಡ್ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತಡವಾಗಿ. ಸೆಂಟರ್ ಮೇಲೆ ಬಂದರೆ ಎದುರಾಳಿಯ ಸೆಂಟರ್ ಕೂಡ ಅವಳ ಹಿಂದೆಯೇ ಮೇಲೆ ಬರಬೇಕಾಗುತ್ತದೆ. ಅಲ್ಲಿಗೆ ರಿಂಗ್ ಕೆಳಗಿನ ಎತ್ತರ ಎರಡೂ ಕಡೆ ಸಮನಾಗಿ ತಗ್ಗುತ್ತದೆ. ಆಗ ಉಳಿಯುವುದು ಸ್ಥಾನ ಹಿಡಿಯುವ ಹಟ. ನಮ್ಮ ಪವರ್ ಫಾರ್ವರ್ಡ್ ಎತ್ತರದಲ್ಲಿ ಐದಡಿ ಎಂಟಂಗುಲ ಇರಬಹುದು, ಆದರೆ ಬಾಕ್ಸ್‌ಔಟ್ ಮಾಡುವಾಗ (ಎದುರಾಳಿಯನ್ನು ಬೆನ್ನಿನಿಂದ ತಡೆದು ಜಾಗ ಹಿಡಿಯುವಾಗ) ಅವಳನ್ನು ಅಲುಗಿಸಲು ಗಂಡುಹುಡುಗರಿಗೂ ಆಗುತ್ತಿರಲಿಲ್ಲ. ಎದುರಾಳಿ ಸೆಂಟರ್ ಮೇಲೆ ಬರದೆ ಒಳಗೇ ನಿಂತ ಪಂದ್ಯಗಳಲ್ಲಿ ನಮಗೆ ಕಷ್ಟವಾಯಿತು. ಅದಕ್ಕಾಗಿ ನಮ್ಮ ಸೆಂಟರ್‌ಗೆ ಫ್ರೀ ಥ್ರೋ ಗೆರೆಯಿಂದ ಸೆಟ್ ಶಾಟ್ ಕಲಿಸಬೇಕಾಯಿತು. ಬೆಳಿಗ್ಗೆ ಆರರ ಹೊತ್ತಿಗೆ ಬಂದು ದಿನಕ್ಕೆ ಇನ್ನೂರು ಶಾಟ್ ಹೊಡೆದಳು. ಹತ್ತಕ್ಕೆ ಮೂರು ಬೀಳುತ್ತಿದ್ದದ್ದು ಸೀಸನ್ ಕೊನೆಗೆ ಐದರ ಹತ್ತಿರ ಬಂತು. ಅಷ್ಟು ಸಾಕಾಯಿತು.

ಅಭ್ಯಾಸದಲ್ಲಿ ಹೆಚ್ಚು ಲಾಭ ಕೊಟ್ಟದ್ದು ಡ್ರಿಬಲ್ ನಿಷೇಧಿಸಿದ ಆಟ, ಮತ್ತು ಐವರ ಎದುರು ಏಳು ಮಂದಿಯ ಪ್ರೆಸ್, ಅಂದರೆ ಚೆಂಡು ತರುವವರನ್ನು ಅಂಕಣದುದ್ದಕ್ಕೂ ಒತ್ತುವ ರಕ್ಷಣೆ. ಆ ಏಳು ಮಂದಿಯನ್ನು ಹತ್ತಿರದ ಕ್ಲಬ್‌ನ ಹುಡುಗರಿಂದ ತಂದೆವು. ಖರ್ಚು ಬಾಳೆಹಣ್ಣು, ಮೊಟ್ಟೆ ಮತ್ತು ಆಗಾಗ ಮಸಾಲೆ ದೋಸೆ. ನಡುವೆ ಬೇರೆ ಪ್ರಯೋಗಗಳೂ ನಡೆದವು. ಸೆಂಟರ್‌ನ ಔಟ್‌ಲೆಟ್ ಪಾಸ್ (ರಿಬೌಂಡ್ ಹಿಡಿದ ಕೂಡಲೇ ಮುಂದಕ್ಕೆ ಎಸೆಯುವ ಪಾಸ್) ದೂರ ಹೋಗಲಿ ಎಂದು ಆರನೇ ಸೈಜಿನ ಬದಲು ಪುರುಷರ ಏಳನೇ ಸೈಜಿನ ಚೆಂಡು ಕೊಟ್ಟು ನೋಡಿದೆ. ಎರಡು ವಾರದಲ್ಲಿ ಭುಜ ನೋವು ಶುರುವಾಗಿ ಅದನ್ನು ಕೈಬಿಟ್ಟೆವು. ಪಂದ್ಯದ ವಿಡಿಯೊ ತೆಗೆಯಲು ಡ್ರೋನ್ ಬಾಡಿಗೆಗೆ ತರುವ ಮಾತು ಬಂದಾಗ, ಗ್ಯಾಲರಿಯ ಮೇಲ್ತುದಿಯಲ್ಲಿ ಒಂದು ಟ್ರೈಪಾಡ್ ಮತ್ತು ಹಳೆಯ ಫೋನ್ ಇಟ್ಟು ಅದೇ ಕೆಲಸವನ್ನು ಒಂದೂವರೆ ಸಾವಿರದಲ್ಲಿ ಮುಗಿಸಿದೆವು. ಇಬ್ಬರು ಎತ್ತರದವರನ್ನು ಎರಡೂ ಎಲ್ಬೋಗಳಲ್ಲಿ ನಿಲ್ಲಿಸುವ ಪ್ರಯೋಗ ಕಾಗದದ ಮೇಲೆ ಸೊಗಸಾಗಿತ್ತು; ಅಂಕಣದಲ್ಲಿ ಜಾಗ ಕಿರಿದಾಗಿ ಕಟ್ ಮಾಡುವ ಗಾರ್ಡ್‌ಗಳು ಒಬ್ಬರಿಗೊಬ್ಬರು ಅಡ್ಡಬಂದರು.

ಕೊನೆಯ ಎರಡು ನಿಮಿಷದ ವಿಷಯ ಬೇರೆಯೇ. ಪಾಯಿಂಟ್ ಗಾರ್ಡ್ ಇಲ್ಲದ ತಂಡವನ್ನು ಎಲ್ಲರೂ ಪ್ರೆಸ್ ಮಾಡಿ ಕೊಲ್ಲುವುದು ಅಲ್ಲಿಯೇ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾದ ನಿಯಮದಂತೆ ದ್ವಿತೀಯಾರ್ಧಕ್ಕೆ ಮೂರು ಟೈಮ್‌ಔಟ್. ನಾಲ್ಕನೇ ಕ್ವಾರ್ಟರ್‌ನ ಕಡೆಯ ಎರಡು ನಿಮಿಷದಲ್ಲಿ ಹೆಚ್ಚೆಂದರೆ ಎರಡು. ಆ ಅವಧಿಯಲ್ಲಿ ನಮ್ಮ ಬ್ಯಾಕ್‌ಕೋರ್ಟ್‌ನಲ್ಲಿ ಚೆಂಡು ನಮ್ಮದಾಗಿರುವಾಗ ಟೈಮ್‌ಔಟ್ ತೆಗೆದುಕೊಂಡರೆ, ಎದುರಾಳಿಯ ಅರ್ಧ ಅಂಕಣದಿಂದಲೇ ಥ್ರೋ-ಇನ್ ಮಾಡುವ (ಗೆರೆಯ ಹೊರಗಿನಿಂದ ಚೆಂಡು ಒಳಗೆ ಕೊಡುವ) ಆಯ್ಕೆ ನಮಗಿರುತ್ತದೆ. ಅಂದರೆ ಎರಡು ಸಲ ಚೆಂಡು ತರುವ ಕಷ್ಟವೇ ಇಲ್ಲ. ಆದ್ದರಿಂದ ಮೂರನೇ ಕ್ವಾರ್ಟರ್‌ನಲ್ಲಿ ಎಂಟು ಅಂಕ ಸತತ ಬಿಟ್ಟುಕೊಟ್ಟಾಗಲೂ ಆ ಎರಡನ್ನು ನಾನು ಮುಟ್ಟುತ್ತಿರಲಿಲ್ಲ. ಗ್ಯಾಲರಿಯಿಂದ "ಟೈಮ್‌ಔಟ್ ತಗೊಳ್ರೀ ಮೇಡಂ" ಎಂದು ಕೂಗುತ್ತಿದ್ದವರಿಗೆ ಅದರ ಕಾರಣ ಕೊನೆಯಲ್ಲಿ ತಿಳಿಯಿತು. ಟೂರ್ನಿಯ ಸೆಮಿಫೈನಲ್ ಅನ್ನು ಮೂರು ಅಂಕದಿಂದ ಗೆದ್ದದ್ದು ಹೀಗೆಯೇ.

ಗಾಯಗೊಂಡ ಹುಡುಗಿಯನ್ನು ಮನೆಗೆ ಕಳುಹಿಸಲಿಲ್ಲ. ಊರುಗೋಲು ಬಿಟ್ಟ ಮೇಲೆ ಅವಳು ಬೆಂಚಿನಲ್ಲಿ ನನ್ನ ಪಕ್ಕ ಕುಳಿತು, ಎದುರಾಳಿಯ ಡಿಫೆನ್ಸ್ ಓದಿ, ಮುಂದಿನ ಪ್ಲೇ ಯಾವುದೆಂದು ಕೂಗತೊಡಗಿದಳು. ಪ್ಲೇಗಳಿಗೆ ಮೆಜೆಸ್ಟಿಕ್, ಶಿವಾಜಿನಗರ ಎಂದು ಬಸ್ ನಿಲ್ದಾಣಗಳ ಹೆಸರಿಟ್ಟಿದ್ದೆವು. ಯಾವುದು ಯಾವುದಕ್ಕೆ ಎಂಬುದನ್ನು, ಮತ್ತು ಬೇಸ್‌ಲೈನ್ ಥ್ರೋ-ಇನ್‌ನಲ್ಲಿ ಸೆಂಟರ್ ತಾನೇ ಚೆಂಡು ಒಳಗೆ ಕೊಟ್ಟು ಮಾಡುವ ಒಂದು ಚಲನೆಯನ್ನು ನಾನು ಇಲ್ಲಿ ಬರೆಯುವುದಿಲ್ಲ; ಮುಂದಿನ ವರ್ಷವೂ ಅದೇ ತಂಡಗಳ ಎದುರು ಆಡಬೇಕಾಗಿದೆ. ಕೂಗುವವಳು ಹೊರಗೆ, ಆಡುವವಳು ಒಳಗೆ ಇದ್ದರೆ ಗೊಂದಲವಾಗುತ್ತದೆ ಎಂದು ನನ್ನ ಸಹಾಯಕಿಯೇ ವಾದಿಸಿದ್ದಳು. ಮೊದಲ ಪಂದ್ಯಗಳಲ್ಲಿ ಹಾಗೆ ಆದದ್ದೂ ಉಂಟು. ಆದರೆ ಸದ್ದಿನ ನಡುವೆ ಕೇಳಿಸದಿದ್ದರೆ ಸೆಂಟರ್‌ನ ಮಾತೇ ಅಂತಿಮ ಎಂದು ತೀರ್ಮಾನಿಸಿದ ಮೇಲೆ ತೊಂದರೆ ಬರಲಿಲ್ಲ.

ಸೀಸನ್ ಮುಗಿಯುವ ಹೊತ್ತಿಗೆ ಟರ್ನ್‌ಓವರ್‌ಗಳು ಹದಿನಾರು ಹದಿನೇಳಕ್ಕೆ ಇಳಿದಿದ್ದವು. ಸೆಂಟರ್ ಪಂದ್ಯಕ್ಕೆ ಐದಾರು ಅಸಿಸ್ಟ್ (ನೇರವಾಗಿ ಅಂಕ ತರುವ ಪಾಸ್) ಕೊಡುತ್ತಿದ್ದಳು, ಶೂಟಿಂಗ್ ಗಾರ್ಡ್‌ಗೆ ತನ್ನ ಜಂಪ್ ಶಾಟ್ ಮರಳಿ ಸಿಕ್ಕಿತ್ತು. ಫೈನಲ್ ಸೋತದ್ದು ಸೆಂಟರ್ ನಾಲ್ಕನೇ ಫೌಲ್‌ನೊಂದಿಗೆ ಬೆಂಚಿಗೆ ಬಂದ ಆರೇಳು ನಿಮಿಷದಲ್ಲಿ. ಅವಳಿಗೂ ಒಬ್ಬ ಬದಲಿ ಬೇಕು ಎಂಬುದು ಈ ವಿಧಾನದ ದೊಡ್ಡ ಕೊರತೆ. ಅದಕ್ಕಾಗಿ ಹತ್ತೊಂಬತ್ತರ ಇನ್ನೊಬ್ಬ ಎತ್ತರದ ಹುಡುಗಿಯನ್ನು ಈಗಾಗಲೇ ಎಲ್ಬೋದಲ್ಲಿ ನಿಲ್ಲಿಸಿ ತಯಾರು ಮಾಡುತ್ತಿದ್ದೇವೆ.

ಪಾಯಿಂಟ್ ಗಾರ್ಡ್ ಈಗ ನೇರ ಓಟ ಮುಗಿಸಿ, ದಿಕ್ಕು ಬದಲಿಸುವ ವ್ಯಾಯಾಮಕ್ಕೆ ಬಂದಿದ್ದಾಳೆ. ಒಂಬತ್ತು ತಿಂಗಳು ತುಂಬುವ ಮೊದಲು, ಮತ್ತು ಒಂಟಿಕಾಲಿನ ಜಿಗಿತದಲ್ಲಿ ಎರಡೂ ಕಾಲುಗಳು ಸರಿಸಮವಾಗುವ ಮೊದಲು ಅವಳನ್ನು ಅಂಕಣಕ್ಕೆ ಇಳಿಸುವುದಿಲ್ಲ. ಯಾವ ಟೂರ್ನಿ ಇದ್ದರೂ ಸರಿಯೇ. ಬಂದ ಮೇಲೂ ಚೆಂಡು ಮೊದಲು ಸೆಂಟರ್ ಕೈಗೇ ಹೋಗುತ್ತದೆ, ಅವಳು ಹ್ಯಾಂಡ್‌ಆಫ್ ಹಿಡಿಯುವ ಜಾಗದಿಂದ ಆಟ ಆರಂಭಿಸುತ್ತಾಳೆ. ಈ ಬದಲಾವಣೆಯನ್ನು ಅವಳೇ ಕೇಳಿಕೊಂಡಳು. ಬೆಂಚಿನಲ್ಲಿ ಕುಳಿತು ಅಷ್ಟೂ ಪಂದ್ಯ ನೋಡಿದವಳಿಗೆ, ಪ್ರೆಸ್‌ನ ಎದುರು ಒಬ್ಬಳೇ ಚೆಂಡು ತಂದು ದಣಿಯುವುದಕ್ಕಿಂತ ಅಲ್ಲಿ ತನ್ನ ಕಾಲಿಗೂ ತಂಡಕ್ಕೂ ಹೆಚ್ಚು ಉಳಿತಾಯವಿದೆ ಎಂದು ಮನವರಿಕೆಯಾಗಿದೆ.