ಕಾರು ವಿಮೆ: ಡಿಡಕ್ಟಿಬಲ್ ಎಷ್ಟಿಟ್ಟರೆ ಲಾಭ?

ಕಾರಿನ ಪಾಲಿಸಿ ರಿನ್ಯೂ ಮಾಡುವಾಗ ಮೊಬೈಲಿನಲ್ಲಿ ‘ವಾಲಂಟರಿ ಡಿಡಕ್ಟಿಬಲ್’ ಎಷ್ಟಿರಲಿ ಅಂತ ಕೇಳುತ್ತದೆ. ಅಂದರೆ ಪ್ರತಿ ಕ್ಲೇಮಿನಲ್ಲೂ ಎಷ್ಟು ದುಡ್ಡು ನೀವೇ ಕೊಡಲು ಒಪ್ಪುತ್ತೀರಿ ಅಂತ. 2,500, 5,000, 7,500, 15,000 ರೂಪಾಯಿ. ದೊಡ್ಡ ಅಂಕಿ ಒತ್ತಿದರೆ ಪ್ರೀಮಿಯಂ ಇಳಿಯುತ್ತದೆ. ತುಂಬಾ ಜನ ಅಷ್ಟನ್ನೇ ನೋಡಿ 15,000 ಒತ್ತಿಬಿಡುತ್ತಾರೆ. ಆಮೇಲೆ ಗ್ಯಾರೇಜಿನ ಕೌಂಟರಿನಲ್ಲಿ ಬಿಲ್ ಕೈಗೆ ಬಂದಾಗ ‘ಇನ್ಶೂರೆನ್ಸ್ ಇದ್ದೂ ಇಷ್ಟು ಯಾಕೆ ಕಟ್ಟಬೇಕು?’ ಅಂತ ಜಗಳಕ್ಕೆ ನಿಲ್ಲುತ್ತಾರೆ. ಇಂಥವರನ್ನು ನೋಡಿ ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಕಡ್ಡಾಯದ ಕಡಿತ ತಿಳಿದುಕೊಳ್ಳಿ. ಪ್ರತಿ ಕ್ಲೇಮಿನಲ್ಲೂ 1500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡ ಎಂಜಿನ್‌ಗೆ 2,000 ರೂಪಾಯಿ ನಿಮ್ಮ ಜೇಬಿನಿಂದಲೇ. ನೀವು ಆರಿಸುವ ಮೊತ್ತ ಇದರ ಮೇಲೆ ಸೇರುತ್ತದೆ.

ಹಂತ 2: ಓನ್ ಡ್ಯಾಮೇಜ್ ಪ್ರೀಮಿಯಂ, ಅಂದರೆ ನಿಮ್ಮ ಕಾರಿನ ಹಾನಿಗಾಗಿ ಕಟ್ಟುವ ಭಾಗ, ಎಷ್ಟಿದೆ ನೋಡಿ. ರಿಯಾಯಿತಿ ಸಿಗುವುದು ಇದರ ಮೇಲೆ ಮಾತ್ರ. ಬೇರೆಯವರಿಗೆ ಆಗುವ ಹಾನಿಗಾಗಿ ಕಟ್ಟುವ ಥರ್ಡ್ ಪಾರ್ಟಿ ಪ್ರೀಮಿಯಂ ಒಂದು ಪೈಸೆಯೂ ಇಳಿಯುವುದಿಲ್ಲ.

ಹಂತ 3: ನಿಜವಾದ ಉಳಿತಾಯ ಲೆಕ್ಕ ಹಾಕಿ. ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ನೋಡೋಣ.

ಎಲ್ಲ ಕಂಪನಿಗಳಿಗೂ ಒಂದೇ ಆಗಿದ್ದ ಹಳೆಯ ಟ್ಯಾರಿಫ್ (ದರಪಟ್ಟಿ) ಪ್ರಕಾರ 5,000ಕ್ಕೆ ಶೇ 25ರಷ್ಟು ರಿಯಾಯಿತಿ, ಆದರೆ 1,500 ರೂಪಾಯಿ ಮೀರುವಂತಿಲ್ಲ. 15,000ಕ್ಕೆ ಶೇ 35, ಅದೂ 2,500 ಮೀರುವಂತಿಲ್ಲ. 2007ರಿಂದ ಓನ್ ಡ್ಯಾಮೇಜ್ ದರವನ್ನು ಕಂಪನಿಗಳೇ ನಿರ್ಧರಿಸುತ್ತವೆ. ಹಾಗಾಗಿ ನಿಮ್ಮ ಕೊಟೇಶನ್‌ನಲ್ಲಿ ಅಂಕಿ ಬೇರೆ ಇರಬಹುದು. ಲೆಕ್ಕ ಹಾಕುವ ರೀತಿ ಮಾತ್ರ ಇದೇ.

ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 8,000 ಅಂತಿಟ್ಟುಕೊಳ್ಳಿ. ವರ್ಷಗಟ್ಟಲೆ ಕ್ಲೇಮ್ ಮಾಡದೆ ಶೇ 50ರ ನೋ ಕ್ಲೇಮ್ ಬೋನಸ್, ಅಂದರೆ ಈ ಪ್ರೀಮಿಯಂನಲ್ಲಿ ರಿಯಾಯಿತಿ, ಗಳಿಸಿದ್ದೀರಿ. ಸಾಮಾನ್ಯವಾಗಿ ಡಿಡಕ್ಟಿಬಲ್ ರಿಯಾಯಿತಿ ಕಳೆದ ಮೇಲೆ ಬೋನಸ್ ಲೆಕ್ಕ ಹಾಕುತ್ತಾರೆ. ಅಂದರೆ 5,000 ಆರಿಸಿದಾಗ ಉಳಿಯುವುದು 1,500 ಅಲ್ಲ, 750. ಶೇ 18ರ ಜಿಎಸ್‌ಟಿ ಸೇರಿಸಿದರೆ 885. 15,000 ಆರಿಸಿದರೆ ಉಳಿಯುವುದು 1,475. ವರ್ಷಕ್ಕೆ 590 ರೂಪಾಯಿ ಜಾಸ್ತಿ ಉಳಿಸಲು 10,000 ರೂಪಾಯಿ ಹೊರೆ ತಲೆ ಮೇಲೆ ಹಾಕಿಕೊಂಡಂತಾಯಿತು, ಅಲ್ವಾ? ಹದಿನಾರು ವರ್ಷ ಒಂದೂ ಕ್ಲೇಮ್ ಇಲ್ಲದಿದ್ದರೂ ಆ ಹತ್ತು ಸಾವಿರ ವಾಪಸ್ ಹುಟ್ಟುವುದಿಲ್ಲ.

ಈಗ ಕ್ಲೇಮಿನ ಕಡೆಯಿಂದ ನೋಡಿ. ಮೂರೂವರೆ ವರ್ಷದ ಕಾರು, 1200 ಸಿಸಿ. ಮುಂದೆ ಗುದ್ದಿದೆ. ಬಂಪರ್ 6,000, ಬಾನೆಟ್ 8,000, ಲೇಬರ್ 6,000. ಒಟ್ಟು 20,000. ‘15,000 ನಾನು ಕೊಟ್ಟರೆ ಉಳಿದ 5,000 ಅವರು ಕೊಡ್ತಾರೆ’ ಅಂದುಕೊಳ್ಳುತ್ತಾರೆ. ಇಲ್ಲ. ಮೊದಲು ಸವಕಳಿ, ಅಂದರೆ ಭಾಗ ಹಳೆಯದಾದ ಲೆಕ್ಕದ ಮೊತ್ತ, ಕಳೆಯುತ್ತಾರೆ. ಪ್ಲಾಸ್ಟಿಕ್ ಬಂಪರಿಗೆ ಶೇ 50, ಈ ವಯಸ್ಸಿನ ಕಾರಿನ ಲೋಹದ ಭಾಗಕ್ಕೆ ಶೇ 25. ಬಂಪರಿಗೆ 3,000, ಬಾನೆಟ್‌ಗೆ 6,000, ಲೇಬರ್ 6,000, ಹೀಗೆ ಒಪ್ಪುವುದೇ 15,000. ಅದರಲ್ಲಿ ಕಡ್ಡಾಯದ 1,000, ನೀವು ಆರಿಸಿದ 15,000 ಕಳೆದರೆ ಕೈಗೆ ಏನೂ ಬರುವುದಿಲ್ಲ. 5,000 ಇಟ್ಟಿದ್ದರೆ 9,000 ಬರುತ್ತಿತ್ತು. ಸವಕಳಿ ಕಳೆಯದಂತೆ ಮಾಡುವ ‘ಝೀರೊ ಡೆಪ್’ ಸೌಲಭ್ಯ ತೆಗೆದುಕೊಂಡಿದ್ದರೆ ಸವಕಳಿಯ ಕಡಿತ ತಪ್ಪುತ್ತದೆ, ಡಿಡಕ್ಟಿಬಲ್ ತಪ್ಪುವುದಿಲ್ಲ. ಇವೆರಡನ್ನೂ ಒಂದೇ ಅಂದುಕೊಂಡವರು ಬಹಳ.

ಇನ್ನೊಂದು ವಿಷಯ. ಕಡಿತ ಘಟನೆ ಲೆಕ್ಕದಲ್ಲಿ. ಹೋದ ತಿಂಗಳು ಹಿಂದೆ ತಾಗಿದ್ದು, ಮೊನ್ನೆ ಮುಂದೆ ಗುದ್ದಿದ್ದು ಎರಡನ್ನೂ ಒಟ್ಟಿಗೆ ತೋರಿಸಿದರೆ ಹಾನಿ ಅಂದಾಜು ಮಾಡುವ ಸರ್ವೇಯರ್ ಎರಡು ಕ್ಲೇಮ್ ಮಾಡಿಸಬಹುದು. ಆಗ ಕಡಿತವೂ ಎರಡು ಸಲ.

ಹಂತ 4: ಆರಿಸಿ. ಹೊಸದಾಗಿ ಓಡಿಸುವವರು, ರಸ್ತೆ ಬದಿ ಪಾರ್ಕ್ ಮಾಡುವವರು ವಾಲಂಟರಿ ಮುಟ್ಟಲೇಬೇಡಿ. ಹಳೇ ಕಾರಾಗಿ ಓನ್ ಡ್ಯಾಮೇಜ್ ಪ್ರೀಮಿಯಂ ಎರಡು ಮೂರು ಸಾವಿರಕ್ಕೆ ಇಳಿದಿದ್ದರೂ ಬೇಡ, ಉಳಿಯುವುದು ಪುಡಿಗಾಸು. ಮನೆಯಲ್ಲಿ ಪಾರ್ಕಿಂಗ್ ಇದೆ, ಓಡಾಟ ಕಡಿಮೆ, ಸಣ್ಣಪುಟ್ಟ ಗೀರಿಗೆ ಬೋನಸ್ ಕಳೆದುಕೊಂಡು ಕ್ಲೇಮ್ ಮಾಡುವವರಲ್ಲ, ಬ್ಯಾಂಕಿನಲ್ಲಿ ಹತ್ತು ಸಾವಿರ ಯಾವಾಗಲೂ ಇರುತ್ತದೆ ಅಂದರೆ 2,500 ಅಥವಾ 5,000 ಇಡಿ. ಅದಕ್ಕಿಂತ ಮೇಲೆ ಯಾರಿಗೂ ನಾನು ಹೇಳುವುದಿಲ್ಲ.

ಎರಡು ಕೊಟೇಶನ್ ಹೋಲಿಸುವಾಗ ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆ, ಒಂದೇ ಇರಲಿ. ಕೆಲವು ಕಡೆ ಐಡಿವಿಯನ್ನು ಸುಮ್ನೆ ತಗ್ಗಿಸಿ ಪಾಲಿಸಿ ಅಗ್ಗ ಅಂತ ತೋರಿಸುತ್ತಾರೆ. ಕಾರು ಕಳವಾದರೆ ಅಷ್ಟೂ ಕಡಿಮೆ ದುಡ್ಡು. ಅಂಥ ಪಾಲಿಸಿ ಬೇಡವೇ ಬೇಡ.

ಹಂತ 5: ಪಾಲಿಸಿ ಪಿಡಿಎಫ್ ಬಂದ ದಿನವೇ ಶೆಡ್ಯೂಲ್ (ಪಾಲಿಸಿಯ ವಿವರಗಳ ಪುಟ) ತೆರೆದು ‘ವಾಲಂಟರಿ ಡಿಡಕ್ಟಿಬಲ್’ ಸಾಲು ಓದಿ. ಪ್ರೀಮಿಯಂ ಕಡಿಮೆ ತೋರಿಸಲು ಏಜೆಂಟ್ ನಿಮ್ಮನ್ನು ಕೇಳದೆ ಅಂಕಿ ತುಂಬಿದ್ದರೆ ಆವತ್ತೇ ಫೋನ್ ಮಾಡಿ, ಬರವಣಿಗೆಯಲ್ಲೂ ತಿಳಿಸಿ ತಿದ್ದಿಸಿ.