ಹಾಲ್ ದಾಟದ ವೈಫೈ ಮತ್ತು 22 ಮೀಟರ್ ವೈರ್

ಮುಂಬೈನ ಮಾಟುಂಗಾದ ನಮ್ಮ ಮನೆ ಹಳೇ ಪಗಡಿ ಕಟ್ಟಡದಲ್ಲಿದೆ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಆಮೇಲೆ ಕಡಿಮೆ ಬಾಡಿಗೆಗೆ ಇರುವ ಮನೆ. ರೈಲಿನ ಬೋಗಿ ಥರ ಉದ್ದಕ್ಕೆ ಇದೆ. ಮುಂದೆ ಹಾಲ್, ನಡುವೆ ದೇವರ ಕೋಣೆ ಮತ್ತು ಅಡುಗೆಮನೆ, ಕೊನೆಯಲ್ಲಿ ನಾನು ಕೆಲಸ ಮಾಡುವ ಕೋಣೆ. ಗೋಡೆಗಳು ಒಂದೂವರೆ ಅಡಿ ದಪ್ಪ. ಮೇ ತಿಂಗಳಲ್ಲೂ ಮನೆ ತಂಪಾಗಿರುತ್ತದೆ. ವೈಫೈ ಮಾತ್ರ ಹಾಲ್ ದಾಟುತ್ತಿರಲಿಲ್ಲ.

ನಾವು ದುಡ್ಡು ಕಟ್ಟುವುದು 200 ಎಂಬಿಪಿಎಸ್ ಸ್ಪೀಡಿಗೆ. ಹಾಲ್‌ನಲ್ಲಿ ಅಷ್ಟೂ ಬರುತ್ತಿತ್ತು. ನನ್ನ ಮೇಜಿನ ಹತ್ತಿರ 6. ಮೀಟಿಂಗ್ ನಡುವೆ ನನ್ನ ಮುಖ ಬಾಯಿ ತೆರೆದ ಹಾಗೇ ನಿಂತುಬಿಡುತ್ತಿತ್ತು. ನಾನು ‘ಕೇಳಿಸ್ತಿದ್ಯಾ, ಕೇಳಿಸ್ತಿದ್ಯಾ’ ಅಂತ ಕೂಗಿದರೆ ಅಡುಗೆಮನೆಯಿಂದ ಅಮ್ಮ ‘ನಂಗೆ ಕೇಳಿಸ್ತಿದೆ ಕಣೋ, ಮೆಲ್ಲಗೆ ಮಾತಾಡು’ ಅನ್ನುತ್ತಿದ್ದರು.

ಕಂಪನಿಗೆ ಫೋನ್ ಮಾಡಿದೆ. ಆಫ್ ಮಾಡಿ ಆನ್ ಮಾಡಿ ಅಂದರು. ಎರಡನೇ ಸಲ ದೂರು ಕೊಟ್ಟಾಗ ಒಬ್ಬ ಹುಡುಗ ಬಂದ. ಹಾಲ್‌ನಲ್ಲೇ ನಿಂತು ಸ್ಪೀಡ್ ಅಳೆದು, ‘ಪೂರಾ ಆ ರಹಾ ಹೈ’ (ಪೂರ್ತಿ ಬರ್ತಿದೆ) ಅಂದು ಹೊರಟ. ಅವನದೇನೂ ಸುಳ್ಳಲ್ಲ. ಟಿವಿ ಹಿಂದಿನ ರೂಟರ್‌ವರೆಗೆ ಬರುವ ಫೈಬರ್ ವೈರ್ ಅವರದು. ಅಲ್ಲಿಂದಾಚೆ ಗೋಡೆ ನಮ್ಮದು.

ಮೊದಲು ರೂಟರಿನ ವೈಫೈ ಹಿಡಿದು ಮುಂದಕ್ಕೆ ಸಾರುವ ಒಂದು ಎಕ್ಸ್‌ಟೆಂಡರ್ ತಂದು ಕೈ ಸುಟ್ಟುಕೊಂಡೆ. ಫೋನಿನಲ್ಲಿ ಸಿಗ್ನಲ್ ಗೀಟು ಪೂರ್ತಿ ಬಂತು, ಸ್ಪೀಡ್ ಮಾತ್ರ 15 ದಾಟಲಿಲ್ಲ. ಆ ಗೀಟುಗಳು ಹೇಳುವುದು ಫೋನಿಗೂ ಎಕ್ಸ್‌ಟೆಂಡರಿಗೂ ನಡುವಿನ ಕಥೆಯಷ್ಟೇ. ಎಕ್ಸ್‌ಟೆಂಡರಿಗೆ ರೂಟರಿನಿಂದ ಏನು ಸಿಗುತ್ತಿದೆ ಅಂತ ಅವು ತೋರಿಸುವುದಿಲ್ಲ. ಜೊತೆಗೆ, ಅಗ್ಗದ ಎಕ್ಸ್‌ಟೆಂಡರಿಗೆ ಕೇಳಿಸಿಕೊಳ್ಳಲೂ ಹೇಳಲೂ ಒಂದೇ ರೇಡಿಯೋ. ಕೇಳಿದ್ದನ್ನೇ ಮತ್ತೊಮ್ಮೆ ಹೇಳಬೇಕು. ಅರ್ಧ ಸಮಯ ಅದರಲ್ಲೇ ಹೋಯಿತು.

ಆಮೇಲೆ ಬುದ್ಧಿ ಬಂತು. ಸಿಗ್ನಲ್ ಅಳೆಯುವ ಆ್ಯಪ್ ಹಾಕಿಕೊಂಡು ಮನೆಯೆಲ್ಲಾ ಸುತ್ತಿದೆ. ಹಾಲ್‌ನಲ್ಲಿ ಮೈನಸ್ 45 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ, ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೇದು), ನನ್ನ ಮೇಜಿನ ಮೇಲೆ ಮೈನಸ್ 78. ನೋಡಲು ದೊಡ್ಡ ವ್ಯತ್ಯಾಸ ಅನ್ನಿಸುವುದಿಲ್ಲ, ಅಲ್ವಾ? ಆದರೆ ಈ ಲೆಕ್ಕದಲ್ಲಿ 10 ಇಳಿದರೆ ಶಕ್ತಿ ಹತ್ತನೇ ಒಂದು ಪಾಲಾಗುತ್ತದೆ. 33 ಇಳಿದರೆ ಸುಮಾರು ಎರಡು ಸಾವಿರ ಪಟ್ಟು ಕಡಿಮೆ. ಗೋಡೆ ಸಾಲದು ಅಂತ ದಾರಿಯಲ್ಲಿ ಅಪ್ಪನ ಕಾಲದ ಕಬ್ಬಿಣದ ಬೀರು ಬೇರೆ ಇತ್ತು. ಅದನ್ನು ಸರಿಸುವ ಮಾತೆತ್ತಿ ಬೈಸಿಕೊಂಡೆ.

ವೈಫೈ ಓಡುವ ಎರಡು ಅಲೆಗಳಲ್ಲಿ 5 ಗಿಗಾಹರ್ಟ್ಸ್ ಬಿಟ್ಟು 2.4ಕ್ಕೆ ಬಂದೆ. ಇದು ಗೋಡೆಯನ್ನು ಸ್ವಲ್ಪ ಚೆನ್ನಾಗಿ ದಾಟುತ್ತದೆ. ಆದರೆ ಇದರಲ್ಲಿ ಒಂದಕ್ಕೊಂದು ಅಡ್ಡ ಬಾರದ ಚಾನೆಲ್ ಅಂದರೆ ಮೂರೇ: 1, 6 ಮತ್ತು 11. ನಮ್ಮ ಆಸುಪಾಸಿನಲ್ಲಿ ಆ್ಯಪ್‌ಗೆ ಸಿಕ್ಕ ರೂಟರ್‌ಗಳು 34. ಮೂರು ಬಾಗಿಲಿನ ಲೋಕಲ್ ರೈಲಿನ ಡಬ್ಬಿಗೆ ದಾದರ್ ಜನವೆಲ್ಲ ನುಗ್ಗಿದ ಹಾಗೆ. ಪಕ್ಕದ ಮನೆಯವರು ಮೈಕ್ರೋವೇವ್ ಹಚ್ಚಿದರೆ ಅದೂ 2.45 ಗಿಗಾಹರ್ಟ್ಸ್‌ನಲ್ಲೇ ಓಡುತ್ತದೆ. ಸಾಕಪ್ಪಾ ಅನ್ನಿಸಿ ವೈರ್ ಎಳೆಯುವುದೇ ಸರಿ ಅಂದುಕೊಂಡೆ.

ಭಾನುವಾರ ಅಂಗಡಿ ಇರುವುದಿಲ್ಲವೆಂದು ಶನಿವಾರವೇ ಗ್ರಾಂಟ್ ರೋಡ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದೆ. ಕ್ಯಾಟ್ 6 ಅನ್ನುವ ನೆಟ್‌ವರ್ಕ್ ವೈರ್ ಕೇಳಿದರೆ ಅಂಗಡಿಯವನು ‘ಕಾಪರ್ ಚಾಹಿಯೇ ಯಾ ಸಸ್ತಾವಾಲಾ?’ ಅಂದ. ಸಸ್ತಾವಾಲಾ ಅಂದರೆ ಅಗ್ಗದ್ದು, ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಹೊಳೆಯುತ್ತದೆ. ನಾನು ಕೆರೆದು ನೋಡಿಯೇ 30 ಮೀಟರ್ ಕೊಂಡೆ. ಕ್ರಿಂಪಿಂಗ್ ಟೂಲ್, ಕನೆಕ್ಟರ್ ಎಲ್ಲಾ ಸೇರಿ ಎರಡು ಸಾವಿರದೊಳಗೆ ಮುಗಿಯಿತು.

ಗೋಡೆಗೆ ತೂತು ಕೊರೆಯಲು ಕಟ್ಟಡದ ಮಾಲೀಕರನ್ನು ಕೇಳಬೇಕು. ದೇವರ ಕೋಣೆಯ ಗೋಡೆಗಾದರೆ ಅಮ್ಮನನ್ನು ಕೇಳಬೇಕು, ಅದು ಇನ್ನೂ ಕಷ್ಟ. ಹಾಗಾಗಿ ಹಾಲ್ ಕಿಟಕಿಯಿಂದ ಹೊರಗೆ ತೆಗೆದು, ಹಿಂದಿನ ಕೋಣೆಯ ಕಿಟಕಿಯಲ್ಲಿ ಒಳಗೆ ತಂದೆ. ಒಟ್ಟು 22 ಮೀಟರ್ ಹಿಡಿಯಿತು. ಕಿಟಕಿಯ ಹತ್ತಿರ ವೈರನ್ನು ಒಂದು ಗೇಣು ಕೆಳಗೆ ಜೋಲುಬಿಟ್ಟು ಆಮೇಲೆ ಮೇಲೆತ್ತಿ ಒಳಗೆ ತಂದಿದ್ದೇನೆ. ಮಳೆನೀರು ವೈರ್ ಹಿಡಿದುಕೊಂಡು ಒಳಗೆ ಬರದೆ ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ.

ತುದಿಗೆ ಕನೆಕ್ಟರ್ ಕೂರಿಸುವುದು ತಾಳ್ಮೆಯ ಕೆಲಸ. ಎಂಟು ಎಳೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರಿನ ಜೋಡಿಯ ನಡುವೆ ನೀಲಿ ಯಾಕೆ ಬಂದು ಕೂರುತ್ತದೋ ಅಂತ ಬೈದುಕೊಂಡೇ ಜೋಡಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಬಣ್ಣ ಹೇಳುತ್ತಾ ಹೋದರು. ಲ್ಯಾಪ್‌ಟಾಪಿಗೆ ಸಿಕ್ಕಿಸಿ ಸ್ಪೀಡ್ ನೋಡಿದೆ: 94.

6ರಿಂದ 94 ಅಂದರೆ ಖುಷಿಪಡಬೇಕು. ಆದರೆ ಈ 94 ನೋಡಿದ ಕೂಡಲೇ ಅನುಮಾನ ಬಂತು. ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್ ಸ್ಪೀಡಿಗೆ, ಎಂಟೂ ಎಳೆ ಬೇಕು. ನಾಲ್ಕೇ ಎಳೆ ಸರಿ ಇದ್ದರೂ ಕನೆಕ್ಷನ್ ಬರುತ್ತದೆ, ಆದರೆ 100ರಲ್ಲಿ ನಿಲ್ಲುತ್ತದೆ, ಕೈಗೆ ಸಿಗುವುದು 94ರ ಆಸುಪಾಸು. ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದರೆ ಕಂದು ಎಳೆ ತುದಿ ಮುಟ್ಟಿರಲೇ ಇಲ್ಲ, ಒಂದು ಅಕ್ಕಿಕಾಳಿನಷ್ಟು ಹಿಂದೆ ನಿಂತಿತ್ತು. ಕತ್ತರಿಸಿ ಹೊಸದಾಗಿ ಕೂರಿಸಿದೆ. 203 ಬಂತು.

ಅಟ್ಟದಲ್ಲಿದ್ದ ಹಳೇ ರೂಟರನ್ನು ಆ ತುದಿಗೆ ಹಾಕಿದೆ. ಅದರ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ವಿಳಾಸ ಬದಲಾಯಿಸಿ, ವೈರನ್ನು ಹೊರಗಿನ ಇಂಟರ್‌ನೆಟ್ ಬರುವ ವ್ಯಾನ್ ತೂತಿಗಲ್ಲ, ಮನೆಯೊಳಗಿನ ಸಾಧನಗಳ ಲ್ಯಾನ್ ತೂತಿಗೆ ಸಿಕ್ಕಿಸಬೇಕು. ಇಷ್ಟು ತಿಳಿಯಲು ನನಗೆ ಒಂದು ರಾತ್ರಿ ಹೋಯಿತು. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಆದರೂ ಫೋನು ಹಾಲ್‌ನ ರೂಟರಿಗೇ ಅಂಟಿಕೊಂಡು ಹಿಂದಿನ ಕೋಣೆಯವರೆಗೆ ಬರುತ್ತದೆ. ಯಾವುದನ್ನು ಹಿಡಿಯಬೇಕು ಅಂತ ಫೋನೇ ತೀರ್ಮಾನಿಸುತ್ತದೆ, ರೂಟರಲ್ಲ. ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡುತ್ತೇನೆ. ಹೌದು, ಕಂಪನಿಯವರು ಹೇಳಿದ್ದೇ.

ವಾರ ಕಳೆದು ಕಿಟಕಿಯಾಚೆ ನೋಡಿದರೆ ವೈರ್ ಮೇಲೆ ಒಂದು ಟವೆಲ್, ಎರಡು ಕಾಲ್ಚೀಲ. ‘ಹಗ್ಗ ಕಟ್ಟಿದ್ದು ಒಳ್ಳೇದಾಯ್ತು ಕಣೋ’ ಅಂದರು ಅಮ್ಮ. ಬಿಸಿಲಿಗೆ ವೈರ್ ಹಾಳಾಗದಿರಲಿ ಅಂತ ಮೊನ್ನೆ ಅದಕ್ಕೆ ಪೈಪ್ ಹಾಕಿಸಿದೆ. ಈಗ ಬೆಡ್‌ಶೀಟೂ ತಡೆಯುತ್ತದೆ.