ನೀರು ಚೆಲ್ಲಿದರೆ ಸಾಲದು, ಡ್ರಮ್ಮಿನ ಗೋಡೆ ಉಜ್ಜಿ: ಸೊಳ್ಳೆ ಮೊಟ್ಟೆಯೊಳಗಿನ ಡೆಂಗಿ ವೈರಸ್ಸಿಗೆ ತಡೆ ಹೇಗೆ?

ಜ್ವರ ಬಂದವರನ್ನು ಕಚ್ಚಿದ ಸೊಳ್ಳೆ ಇನ್ನೊಬ್ಬರನ್ನು ಕಚ್ಚಿ ಡೆಂಗಿ ದಾಟಿಸುತ್ತದೆ. ಇದು ಎಲ್ಲರಿಗೂ ಗೊತ್ತು, ರೋಗ ಬಹುಪಾಲು ಹರಡುವುದೂ ಹೀಗೆಯೇ. ಆದರೆ ಕಾಯಿಲೆಯವರ ರಕ್ತವನ್ನೇ ಮುಟ್ಟದ ಸೊಳ್ಳೆಯಲ್ಲೂ ವೈರಸ್ ಇರಬಹುದು, ಏಕೆಂದರೆ ಅದು ತಾಯಿಯಿಂದ ಮೊಟ್ಟೆಗೇ ಬಂದಿರುತ್ತದೆ. ಈ ದಾರಿ ಅರ್ಥವಾದರೆ, ಬೇಸಿಗೆಯಲ್ಲಿ ಒಣಗಿಸಿಟ್ಟ ಡ್ರಮ್ಮನ್ನು ಮಳೆಗಾಲಕ್ಕೆ ಮುಂಚೆ ಏಕೆ ತಿಕ್ಕಬೇಕು ಎಂಬುದೂ ಅರ್ಥವಾಗುತ್ತದೆ.

ವೈರಸ್ ಮೊಟ್ಟೆ ಸೇರುವ ಬಗೆ

ಹೆಣ್ಣು ಈಡಿಸ್ ಸೊಳ್ಳೆ ಸೋಂಕಿತರ ರಕ್ತ ಹೀರಿದಾಗ ವೈರಸ್ ಮೊದಲು ಅದರ ಕರುಳಿನ ಗೋಡೆಯಲ್ಲಿ ಬೆಳೆಯುತ್ತದೆ. ಅಲ್ಲಿಂದ ಹೊರಬಿದ್ದು, ದೇಹದ ದ್ರವದಲ್ಲಿ ತೇಲಿ, ಜೊಲ್ಲುಗ್ರಂಥಿಗೂ ಅಂಡಾಶಯಕ್ಕೂ ಹೋಗುತ್ತದೆ. ಜೊಲ್ಲಿಗೆ ಬರಲು ಸಾಮಾನ್ಯವಾಗಿ 8ರಿಂದ 12 ದಿನ ಬೇಕು. ನಮ್ಮ ಸೆಕೆಯಲ್ಲಿ ಸೊಳ್ಳೆ ರಕ್ತ ಕುಡಿದ ಮೂರು-ನಾಲ್ಕು ದಿನಕ್ಕೇ ಮೊಟ್ಟೆಯಿಡುತ್ತದೆ. ಹಾಗಾಗಿ ಸೋಂಕು ತಗುಲಿದ ನಂತರದ ಮೊದಲ ಕಂತಿನ ಮೊಟ್ಟೆಗಳು ಬಹುತೇಕ ತಪ್ಪಿಸಿಕೊಳ್ಳುತ್ತವೆ, ವೈರಸ್ ಹೊತ್ತುಬರುವುದು ಆಮೇಲಿನ ಕಂತುಗಳು. ಸೊಳ್ಳೆ ಹೆಚ್ಚು ದಿನ ಬದುಕಿದಷ್ಟೂ ಅಪಾಯ ಹೆಚ್ಚು.

ಮೊಟ್ಟೆಯೊಳಗೆ ನುಗ್ಗಲು ಎರಡು ಬಾಗಿಲುಗಳಿವೆ. ಒಂದು ಅಂಡಾಶಯದಲ್ಲೇ, ಚಿಪ್ಪು ಕಟ್ಟುವುದಕ್ಕೆ ಮುಂಚೆ. ಇನ್ನೊಂದು ಮೊಟ್ಟೆಯಿಡುವ ಗಳಿಗೆಯಲ್ಲಿ: ವೀರ್ಯಾಣು ಒಳಹೋಗಲು ಚಿಪ್ಪಿನಲ್ಲಿರುವ ಸೂಕ್ಷ್ಮ ರಂಧ್ರದ ಮೂಲಕವೇ ವೈರಸ್ಸೂ ತೂರಿಕೊಳ್ಳುತ್ತದೆ. ಡೆಂಗಿ ಬಳಗದ ವೈರಸ್‌ಗಳು ಹೆಚ್ಚಾಗಿ ಈ ಎರಡನೆಯದನ್ನೇ ಬಳಸುತ್ತವೆ ಎಂದು ಹಲವು ವಿಜ್ಞಾನಿಗಳು ಭಾವಿಸುತ್ತಾರೆ. ಆ ಅವಕಾಶ ಕಿರಿದಾದ್ದರಿಂದ ಸೋಂಕು ತಗಲುವ ಮೊಟ್ಟೆಗಳೂ ಕಡಿಮೆ. ಡೆಂಗಿಯ ಸಂಬಂಧಿಯಾದ ಝಿಕಾ ವೈರಸ್ಸನ್ನು ಇಟ್ಟುಕೊಂಡು 2016ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ನಡೆದ ಪ್ರಯೋಗದಲ್ಲಿ ಸುಮಾರು 290 ಮರಿಗಳಲ್ಲಿ ಒಂದಕ್ಕೆ ಸೋಂಕು ಕಂಡಿತ್ತು. ಸಣ್ಣ ಪ್ರಮಾಣವೇ, ನಿಜ. ಆದರೆ ಒಂದು ಹೆಣ್ಣು ಒಂದು ಕಂತಿಗೆ ನೂರರಷ್ಟು ಮೊಟ್ಟೆಯಿಡಬಲ್ಲದು, ಒಂದು ಊರಿನಲ್ಲಿ ಸೊಳ್ಳೆಗಳಿಗೆ ಬರವಿಲ್ಲ.

ಮೊಟ್ಟೆಯ ವೈರಸ್ ಲಾರ್ವಾ (ನೀರಿನಲ್ಲಿ ಈಜುವ ಮರಿಹುಳು), ಪ್ಯೂಪಾ (ಕೋಶಾವಸ್ಥೆ), ರೆಕ್ಕೆ ಬಂದ ಸೊಳ್ಳೆ ಹೀಗೆ ಪ್ರತಿ ಹಂತವನ್ನೂ ದಾಟಿ ಉಳಿಯುತ್ತದೆ. ಇದಕ್ಕೆ ಗಟ್ಟಿ ಸಾಕ್ಷಿ ಗಂಡು ಸೊಳ್ಳೆ. ಗಂಡು ರಕ್ತ ಕುಡಿಯುವುದೇ ಇಲ್ಲ, ಲಾರ್ವಾ ಕಚ್ಚುವುದೇ ಇಲ್ಲ. ಅವುಗಳಲ್ಲಿ ಡೆಂಗಿ ವೈರಸ್ ಸಿಕ್ಕರೆ ತಾಯಿಯ ಕಡೆಗೇ ಬೆರಳು ತೋರಿಸಬೇಕಾಗುತ್ತದೆ. ಜೋಧಪುರದ ಮರುಭೂಮಿ ವೈದ್ಯಕೀಯ ಸಂಶೋಧನಾ ಕೇಂದ್ರದ ಸಂಶೋಧಕರು ಪ್ರಯೋಗಾಲಯದಲ್ಲಿ ಡೆಂಗಿ-3 (ಡೆಂಗಿ ವೈರಸ್ಸಿನ ಬಗೆಗಳಲ್ಲೊಂದು) ಸೊಳ್ಳೆಯ ಏಳನೇ ತಲೆಮಾರಿನವರೆಗೂ ಸಾಗಿದ್ದನ್ನು 2002ರಲ್ಲಿ ಪ್ರಕಟಿಸಿದರು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮಕ್ಕಳ ಮಿದುಳಿಗೆ ಉರಿಯೂತ ತರುವ ಲಾ ಕ್ರಾಸ್ ವೈರಸ್ಸಂತೂ ಹಿಮ ಬೀಳುವ ಚಳಿಗಾಲವನ್ನು ಮರದ ಪೊಟರೆಯಲ್ಲಿರುವ ಸೊಳ್ಳೆ ಮೊಟ್ಟೆಯೊಳಗೇ ಕಳೆಯುತ್ತದೆ.

ನಮ್ಮಲ್ಲಿ ಹಿಮವಿಲ್ಲ, ಬೇಸಿಗೆಯಿದೆ. ಈಡಿಸ್ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮಳೆನೀರು ತಾಗಿದೊಡನೆ ಒಡೆಯುತ್ತದೆ. ಫಾಗಿಂಗ್ ಹೊಗೆ ಹಾರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ. ಗಪ್ಪಿ ಮೀನು ಲಾರ್ವಾ ತಿನ್ನುತ್ತದೆ. ಒಣಗಿದ ಗೋಡೆಗೆ ಅಂಟಿದ ಮೊಟ್ಟೆಯನ್ನು ಎರಡೂ ಮುಟ್ಟುವುದಿಲ್ಲ. ಅದಕ್ಕೆ ಕೈಯೇ ಬೇಕು.

ಉಜ್ಜುವ ಕ್ರಮ

1. ಮೊದಲು ನೀರಿನ ಗೆರೆ ಹುಡುಕಿ. ಈಡಿಸ್ ಮೊಟ್ಟೆಯಿಡುವುದು ನೀರಿನ ಮೇಲಲ್ಲ, ನೀರಿಗಿಂತ ತುಸು ಮೇಲೆ ತೇವವಿರುವ ಗೋಡೆಯ ಮೇಲೆ. ಇಟ್ಟಾಗ ಬೆಳ್ಳಗಿದ್ದು ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತವೆ, ಮಸಿಯ ಚುಕ್ಕಿಗಳಂತೆ ಕಾಣುತ್ತವೆ. ಅರ್ಧ ಮಿಲಿಮೀಟರಿನಷ್ಟೇ ಇರುವುದರಿಂದ ಕಾಣದಿದ್ದರೂ ಇಲ್ಲವೆಂದುಕೊಳ್ಳಬೇಡಿ.

2. ಪಾತ್ರೆಯನ್ನು ಪೂರ್ತಿ ಖಾಲಿ ಮಾಡಿ, ಗಟ್ಟಿ ಬ್ರಷ್ ಅಥವಾ ತೆಂಗಿನ ನಾರಿಗೆ ಸೋಪಿನ ಪುಡಿ ಹಚ್ಚಿ ಒಳಗೋಡೆಯನ್ನು ಬಾಯಿಂದ ತಳದವರೆಗೆ ತಿಕ್ಕಿ. ಮೂಲೆ, ಅಂಚು, ಮುಚ್ಚಳದ ಒಳಮೈ ಬಿಡಬೇಡಿ. ಮೊಟ್ಟೆ ಬಿಗಿಯಾಗಿ ಅಂಟಿರುತ್ತದೆ, ಬರೀ ನೀರು ಎರಚಿದರೆ ಬಿಡುವುದಿಲ್ಲ. ಸಿಮೆಂಟ್ ತೊಟ್ಟಿಯ ಒರಟು ಗೋಡೆಗೆ ಹೆಚ್ಚು ಹೊತ್ತು ಕೊಡಿ. ಲೋಹದ ಹಂಡೆಯಾದರೆ ಕೊನೆಗೆ ಕುದಿಯುವ ನೀರು ಸುರಿಯಬಹುದು.

3. ತಿಕ್ಕಿದ ನೀರನ್ನು ಚರಂಡಿಗೆ ಬಿಡದೆ ಬಿಸಿಲು ಬೀಳುವ ಒಣ ನೆಲದ ಮೇಲೆ ಚೆಲ್ಲಿ.

4. ಮತ್ತೆ ತುಂಬಿಸಿದ ಮೇಲೆ ಬಿಗಿಯಾಗಿ ಮುಚ್ಚಿ. ಮುಚ್ಚಳವಿಲ್ಲದಿದ್ದರೆ ಒತ್ತಾಗಿ ನೇಯ್ದ ಬಟ್ಟೆ ಕಟ್ಟಬಹುದು. ವಾರಕ್ಕೊಮ್ಮೆ ಇದೇ ಕೆಲಸ ಮತ್ತೆ ಮಾಡಿ. ಬೆಚ್ಚಗಿನ ದಿನಗಳಲ್ಲಿ ಒಡೆದ ಮೊಟ್ಟೆ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ದಂಡಕ್ಕಿಂತ ನನಗೆ ಮುಖ್ಯವೆನಿಸುವುದು ಕೆಲಸದ ಸಮಯ. ಜ್ವರದ ಸುದ್ದಿ ಬಂದ ಮೇಲೆ ಜುಲೈಯಲ್ಲಿ ಬ್ರಷ್ ಹಿಡಿಯುವ ಬದಲು ಮೇ ತಿಂಗಳಲ್ಲೇ, ಮೊದಲ ಮಳೆಗೆ ಮುಂಚೆ ಹಿಡಿಯಬೇಕು. ಆಗ ಡ್ರಮ್ಮು, ತೊಟ್ಟಿಗಳ ಜೊತೆಗೆ ಕೂಲರ್, ಹೂಕುಂಡದ ತಟ್ಟೆ, ಅಂಗಳದ ಹಳೆ ಟೈರು, ಕರಾವಳಿ-ಮಲೆನಾಡಿನ ತೋಟಗಳಲ್ಲಿ ರಬ್ಬರ್ ಹಾಲು ಹಿಡಿಯುವ ಚಿಪ್ಪುಗಳನ್ನೂ ನೋಡಿ. ಬೇಡದ್ದನ್ನು ಸೂರಿನಡಿ ಸಾಗಿಸಿ, ಚಿಪ್ಪುಗಳನ್ನು ತಿಕ್ಕಿ ಬೋರಲು ಹಾಕಿ.